ಕೊಬ್ಬುಕೋಶದ ಧಾರಣಶಕ್ತಿ: ಸಂಗ್ರಹಕ್ಕೂ ಸಕ್ಕರೆ ಕಾಯಿಲೆಗೂ ಇರುವ ಸಂಬಂಧದ ಮರುಪರಿಶೀಲನೆ

ಮೈಯಲ್ಲಿ ಸೇರಿದ ಕೊಬ್ಬು ಉಂಡು ಮಿಕ್ಕ ಶಕ್ತಿಯ ಜಡರಾಶಿ, ಅದು ಬೆಳೆದಷ್ಟೂ ರೋಗ ಹತ್ತಿರ ಎಂಬ ಲೆಕ್ಕಾಚಾರ ಇಂದಿಗೂ ಪ್ರಬಲವಾಗಿದೆ. ಇದರ ಪೂರ್ವಾರ್ಧ 1935ರಲ್ಲೇ ಬಿದ್ದುಹೋಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ರುಡಾಲ್ಫ್ ಶೋನ್‌ಹೈಮರ್ ಮತ್ತು ಡೇವಿಡ್ ರಿಟನ್‌ಬರ್ಗ್ ಡ್ಯುಟೀರಿಯಂ ಗುರುತಿನ ಕೊಬ್ಬನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ, ಅದರ ಬಹುಪಾಲು ನೇರವಾಗಿ ಉರಿಯದೆ ಮೊದಲು ಸಂಗ್ರಹ ಸೇರಿತ್ತು. ಸ್ವೀಡನ್ನಿನ ಸಂಶೋಧಕರು 2011ರಲ್ಲಿ, ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಬಂದ ಇಂಗಾಲ-14ರ ಜಾಡು ಹಿಡಿದು, ಮನುಷ್ಯರ ಕೊಬ್ಬುಕೋಶದೊಳಗಿನ ಕೊಬ್ಬಿನ ಸರಾಸರಿ ವಯಸ್ಸು ಸುಮಾರು 1.6 ವರ್ಷ ಎಂದು ಅಂದಾಜಿಸಿದರು. ಉತ್ತರಾರ್ಧವೂ ನಿಲ್ಲದು ಎಂಬುದು ಈ ಲೇಖನದ ವಾದ. ರೋಗದ ಮೂಲವನ್ನು ಸಂಗ್ರಹದ ಗಾತ್ರಕ್ಕಿಂತ ಹೆಚ್ಚಾಗಿ ಕೋಶದ ಧಾರಣಶಕ್ತಿಯ ಸೋಲಿನಲ್ಲಿ ಹುಡುಕಬೇಕು.

ಧಾರಣ ಎಂಬುದು ಎಷ್ಟು ಸಕ್ರಿಯವಾದ ಕೆಲಸವೆಂಬುದು ಅದರ ವಿವರಗಳಲ್ಲಿ ಕಾಣುತ್ತದೆ. ಊಟದ ಬಳಿಕ ರಕ್ತದಲ್ಲಿ ಬರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇದ್ದ ಹಾಗೆಯೇ ಕೋಶದೊಳಕ್ಕೆ ನುಗ್ಗಲಾರದು; ಲೋಮನಾಳದ ಗೋಡೆಗೆ ಅಂಟಿಕೊಂಡ ಲಿಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅದನ್ನು ಒಡೆದ ಮೇಲೆ ಕೊಬ್ಬಿನಾಮ್ಲಗಳು ಒಳಸೇರಿ ಮತ್ತೆ ಟ್ರೈಗ್ಲಿಸರೈಡ್ ಆಗುತ್ತವೆ. ಅದಕ್ಕೆ ಬೇಕಾದ ಗ್ಲಿಸರಾಲ್ ಫಾಸ್ಫೇಟನ್ನು ಕೋಶ ಊಟದ ಹೊತ್ತಿನಲ್ಲಿ ಮುಖ್ಯವಾಗಿ ಗ್ಲೂಕೋಸಿನಿಂದ ಪಡೆಯುತ್ತದೆ. ಇನ್ಸುಲಿನ್ ಈ ಕಿಣ್ವವನ್ನೂ ಗ್ಲೂಕೋಸಿನ ಒಳಹರಿವನ್ನೂ ಏರಿಸಿ, ಅದೇ ವೇಳೆಗೆ ಬಿಡುಗಡೆಯನ್ನು ತಡೆಯುತ್ತದೆ. ಉಪವಾಸದಲ್ಲೋ ದುಡಿಮೆಯಲ್ಲೋ ಇನ್ಸುಲಿನ್ ಇಳಿದು ನಾರಡ್ರಿನಲಿನ್ ಏರಿದಾಗ, ಕೋಶದೊಳಗಿನ ಕೊಬ್ಬಿನ ಹನಿಯ ಮೇಲ್ಮೈಯನ್ನು ಕಾಯುವ ಪೆರಿಲಿಪಿನ್ ಪ್ರೋಟೀನ್ ಮಾರ್ಪಟ್ಟು ಕಿಣ್ವಗಳಿಗೆ ದಾರಿ ಬಿಡುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಲೈಪೇಸ್ ಒಂದೇ ಈ ಕೆಲಸದ ಯಜಮಾನ ಎಂದು ದಶಕಗಳ ಕಾಲ ನಂಬಲಾಗಿತ್ತು. ಅದಿಲ್ಲದ ಇಲಿಗಳು ಬೊಜ್ಜು ಬೆಳೆಸಲಿಲ್ಲ, ಅವುಗಳಲ್ಲಿ ಒಂದು ಕೊಬ್ಬಿನಾಮ್ಲ ಕಳಚಿದ ಟ್ರೈಗ್ಲಿಸರೈಡ್, ಅಂದರೆ ಡೈಗ್ಲಿಸರೈಡ್, ಉಳಿದುಕೊಂಡಿತು. ಮೊದಲ ಕೊಬ್ಬಿನಾಮ್ಲವನ್ನು ಬೇರೆ ಯಾವುದೋ ಬಿಡಿಸುತ್ತಿದೆ ಎಂದಾಯಿತು. ಆ ಕಿಣ್ವವನ್ನು 2004ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ರುಡಾಲ್ಫ್ ಜೆಕ್ನರ್ ತಂಡ ಗುರುತಿಸಿತು.

ಈ ವ್ಯವಸ್ಥೆಯೇ ಇಲ್ಲದಿದ್ದರೆ? ಲಿಪೋಡಿಸ್ಟ್ರೋಫಿ ಎಂಬ ಅಪರೂಪದ ಸ್ಥಿತಿಯಲ್ಲಿ ಚರ್ಮದಡಿ ಕೊಬ್ಬಿಗೆ ನೆಲೆಯೇ ಇರುವುದಿಲ್ಲ. ಆ ರೋಗಿಗಳು ಬಡಕಲು. ಆದರೂ ಅವರ ಯಕೃತ್ತು ಕೊಬ್ಬಿನಿಂದ ತುಂಬಿ ತೀವ್ರ ಮಧುಮೇಹ ಬರುತ್ತದೆ. ಕೊಬ್ಬಿಲ್ಲದಂತೆ ಮಾಡಿದ ಇಲಿಗಳಿಗೆ ಆರೋಗ್ಯವಂತ ಇಲಿಯ ಕೊಬ್ಬನ್ನು ಕಸಿ ಮಾಡಿದಾಗ ಮಧುಮೇಹ ಹಿಮ್ಮೆಟ್ಟಿತು. ಪಿಯೋಗ್ಲಿಟಜೋನ್ ಔಷಧ ಮೈತೂಕ ಹೆಚ್ಚಿಸುತ್ತಲೇ ಇನ್ಸುಲಿನ್ನಿನ ಪರಿಣಾಮವನ್ನು ಸುಧಾರಿಸುವುದೂ ಇದೇ ಕಡೆಗೆ ಬೆರಳು ಮಾಡುತ್ತದೆ. ಕಣಜ ಹಿಡಿಸದ ಕಾಳು ಅಂಗಳದಲ್ಲಿ ಮೊಳೆತಂತೆ, ನೆಲೆ ತಪ್ಪಿದ ಕೊಬ್ಬು ಯಕೃತ್ತು, ಸ್ನಾಯುಗಳಲ್ಲಿ ಸೇರಿ ಕೇಡು ಮಾಡುತ್ತದೆ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಕೋಶ ಸೋರುತ್ತಿದ್ದರೆ ಬೊಜ್ಜಿನವರ ರಕ್ತದಲ್ಲಿ ಕೊಬ್ಬಿನಾಮ್ಲ ಸದಾ ಏರಿರಬೇಕಲ್ಲ, ಹಾಗಿರುವುದು ಯಾವಾಗಲೂ ಕಾಣದು ಎಂಬುದು ಮೊದಲನೆಯದು. ಇದು ನಿಜ. ಆದರೆ ಆಕ್ಸ್‌ಫರ್ಡಿನ ಕೀತ್ ಫ್ರೇನ್ ವಾದಿಸಿದಂತೆ, ಕೊಬ್ಬಿನ ಮುಖ್ಯ ಹೊಣೆ ಊಟದ ನಂತರದ ಉಬ್ಬರವನ್ನು ಹೀರುವುದು. ಉಪವಾಸದ ರಕ್ತಮಾದರಿಯಲ್ಲಿ ಆ ಸೋಲು ಬಯಲಾಗಬೇಕಿಲ್ಲ. ಎರಡನೆಯದು ನಮಗೆ ಹೆಚ್ಚು ಹತ್ತಿರದ್ದು. ಮೈಸೂರಿನ ನವಜಾತ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕವಾದರೂ ಅವುಗಳ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಗ್ಗಿಲ್ಲವೆಂದು ಅಲ್ಲಿಯ ಅಧ್ಯಯನ ತೋರಿಸಿದೆ. ಸಂಗ್ರಹವೇ ರಕ್ಷೆಯಾದರೆ ಭಾರತೀಯರಿಗೇಕೆ ಇಷ್ಟು ಮಧುಮೇಹ? ಇಲ್ಲಿ ಕೊಬ್ಬಿನ ಮೊತ್ತವನ್ನು ಧಾರಣಶಕ್ತಿಯೊಂದಿಗೆ ಬೆರೆಸಲಾಗುತ್ತಿದೆ. 2007ರಲ್ಲಿ ಪ್ರಕಟವಾದ ಡಲ್ಲಾಸಿನ ಅಧ್ಯಯನವೊಂದರಲ್ಲಿ ದಕ್ಷಿಣ ಏಷ್ಯಾ ಮೂಲದ ಗಂಡಸರ ಹೊಟ್ಟೆಯ ಚರ್ಮದಡಿಯ ಕೊಬ್ಬುಕೋಶಗಳು ಬಿಳಿಯರವಕ್ಕಿಂತ ದೊಡ್ಡದಾಗಿದ್ದವು; ಕೋಶ ಉಬ್ಬಿದಷ್ಟೂ ಇನ್ಸುಲಿನ್ನಿನ ಪರಿಣಾಮ ತಗ್ಗಿತ್ತು. ಹೊಸ ಕೋಶಗಳು ಸಾಲದೆ ಇರುವವೇ ಹಿಗ್ಗಿ ದಣಿದಿವೆ ಎಂದು ನಾನು ಇದನ್ನು ಓದುತ್ತೇನೆ. ಬೊಜ್ಜು ನಿರಪಾಯ ಎಂದು ಇದರಿಂದ ಹೇಳಲಾಗದು. ಯಾರ ಮಿತಿಯೂ ಅನಂತವಲ್ಲ. ಆದರೆ ಬರೀ ಕೊಬ್ಬನ್ನು ತೆಗೆದುಹಾಕಿದರೆ ಸಾಲದು ಎಂಬುದಕ್ಕೂ ಸಾಕ್ಷ್ಯವಿದೆ: 2004ರ ಅಮೆರಿಕದ ಪ್ರಯೋಗದಲ್ಲಿ ಬೊಜ್ಜಿನ ಹೆಂಗಸರ ಚರ್ಮದಡಿಯಿಂದ ಸುಮಾರು 10 ಕಿಲೋ ಕೊಬ್ಬನ್ನು ಹೀರಿ ತೆಗೆದರೂ ಅವರ ಇನ್ಸುಲಿನ್ ಸ್ಪಂದನೆ ಸುಧಾರಿಸಲಿಲ್ಲ.