ಚೊಚ್ಚಲ ಹೆರಿಗೆಯ ಸಿದ್ಧತೆ – ಅಂದು ಮತ್ತು ಇಂದು



ಕಳೆದ ವಾರ ನನ್ನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಅವಳಿಗೀಗ ಮೂವತ್ತಾರು ವಾರ ತುಂಬಿದೆ. ನಮ್ಮ ಹಿರಿಯರು ತಿಂಗಳುಗಳನ್ನು ಎಣಿಸುತ್ತಿದ್ದರು, ಈಗಿನವರು ವಾರಗಳನ್ನು ಎಣಿಸುತ್ತಾರೆ. ಬಂದವಳೇ ಆಸ್ಪತ್ರೆಯವರು ಕೊಟ್ಟ ಮುದ್ರಿತ ಪಟ್ಟಿಯೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ತಾಯಿ ಕಾರ್ಡು, ರಕ್ತದ ಗುಂಪಿನ ವರದಿ, ಸ್ಕ್ಯಾನಿಂಗ್ ಪ್ರತಿಗಳು, ಎರಡು ನೈಟಿ, ಮಗುವಿಗೆ ಆರು ಜೊತೆ ಬಟ್ಟೆ ಎಂದು ಅದು ಮುಂದುವರಿಯುತ್ತದೆ. ಮಗುವಿನ ಬಟ್ಟೆಯ ವಿಚಾರಕ್ಕೆ ಬಂದಾಗ ಮಾತ್ರ ನನ್ನ ಪತ್ನಿ ಒಪ್ಪಲಿಲ್ಲ. "ಮಗು ಹುಟ್ಟುವ ಮೊದಲು ಯಾರಾದರೂ ಬಟ್ಟೆ ಕೊಳ್ಳುತ್ತಾರೇನೇ?" ಎಂಬುದು ಅವಳ ಪ್ರಶ್ನೆ. ತಾಯಿ ಮಗಳ ಈ ಸಣ್ಣ ಜಗಳವನ್ನು ಕೇಳುತ್ತಾ ಕುಳಿತಿದ್ದ ನನಗೆ ಐವತ್ತೈದು ವರ್ಷಗಳ ಹಿಂದಿನ ಇನ್ನೊಂದು ಸಿದ್ಧತೆಯ ನೆನಪಾಯಿತು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ರಾಜರ ಪಟ್ಟಾಭಿಷೇಕದ ಇಸವಿಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೇನೆಯೇ ಹೊರತು, ನಮ್ಮ ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಡೆದ ಈ ಇತಿಹಾಸವನ್ನು ಒಂದು ದಿನವೂ ಹೇಳಲಿಲ್ಲ.

ಅದು 1970ನೆಯ ಇಸವಿ, ಆಷಾಢ ಮಾಸ. ಮಲೆನಾಡಿನ ನಮ್ಮ ಮನೆಗೆ ದೊಡ್ಡಕ್ಕ ಹೆರಿಗೆಗೆ ಬಂದಿದ್ದಳು. ಅವಳಿಗೆ ಹತ್ತೊಂಬತ್ತು ವರ್ಷ, ನನಗೆ ಹತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿಯಲ್ಲಿ ದೊಡ್ಡ ವಿವೇಕವಿತ್ತು. ಅತ್ತೆಯ ಮನೆಯಲ್ಲಿ ಬೆನ್ನು ನೋಯುತ್ತದೆಂದು ಹೇಳಲೂ ಸಂಕೋಚಪಡುವ ಹುಡುಗಿ ತಾಯಿಯ ಬಳಿ ಅಳಬಹುದಾಗಿತ್ತು, ಹಗಲಿನಲ್ಲಿ ಮಲಗಬಹುದಾಗಿತ್ತು, ಬಯಸಿದ್ದನ್ನು ಕೇಳಬಹುದಾಗಿತ್ತು. ಆದರೆ ಒಂಬತ್ತನೆಯ ತಿಂಗಳಿನಲ್ಲಿ ಅಜ್ಜಿ ಅವಳ ಊಟಕ್ಕೆ ಕಡಿವಾಣ ಹಾಕಿದರು. ಹೆಚ್ಚು ಉಂಡರೆ ಮಗು ದಪ್ಪನಾಗಿ ಹೆರಿಗೆ ಕಷ್ಟವಾಗುತ್ತದೆಂಬ ನಂಬಿಕೆ ಆಗ ಕರಾವಳಿ, ಮಲೆನಾಡುಗಳಲ್ಲಿ ಸಾಮಾನ್ಯವಾಗಿತ್ತು.

ಸಿದ್ಧತೆಯೆಂದರೆ ಎಂತಹ ಸಿದ್ಧತೆ! ಮಳೆ ಹಿಡಿಯುವ ಮೊದಲೇ ಬಾಣಂತಿಯ ನೀರಿಗೆಂದು ಬಚ್ಚಲೊಲೆಯ ಬಳಿ ಸೂರಿನೆತ್ತರಕ್ಕೆ ಕಟ್ಟಿಗೆ ಒಟ್ಟಿದ್ದರು. ಹಂಡೆಗೆ ಹೊಸದಾಗಿ ಕಲಾಯಿ ಹಾಕಿಸಿದ್ದರು. ಹಳೆಯ ಅಕ್ಕಿಯನ್ನು ಬೇರೆಯಾಗಿ ತೆಗೆದಿರಿಸಿದ್ದರು. ಒಣಶುಂಠಿ, ಹಿಪ್ಪಲಿ, ಕಾಳುಮೆಣಸು, ಓಮ, ಮೆಂತ್ಯ, ಬೆಳ್ಳುಳ್ಳಿ, ಬೆಲ್ಲ, ಒಣಕೊಬ್ಬರಿ ಇವೆಲ್ಲ ಸಂತೆಯಿಂದ ಬಂದು ಡಬ್ಬಿಗಳನ್ನು ಸೇರಿದವು. ಹರಳೆಣ್ಣೆ, ಬಜೆ, ಸಾಂಬ್ರಾಣಿಗಳು ಬೇರೆ. ಅಮ್ಮ ತನ್ನ ನವೆದ ನೂಲಿನ ಸೀರೆಗಳನ್ನು ಹರಿದು ಮಡಿಸಿಟ್ಟಳು. ಆ ಹಳೆಯ ನೂಲಿನ ಮೃದುತ್ವ ಇಂದಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆದರೆ ಮಗುವಿಗೆಂದು ಕೊಂಡದ್ದು ಏನೂ ಇರಲಿಲ್ಲ. ತೊಟ್ಟಿಲು ಅಟ್ಟದ ಮೇಲೆಯೇ ಇತ್ತು. ಅದನ್ನು ಮುಂಚಿತವಾಗಿ ಇಳಿಸುವುದು ಅಪಶಕುನ. ಹುಟ್ಟಿದ ಮಗುವಿಗೆ ಮೊದಲು ತೊಡಿಸುವುದು ಗಟ್ಟಿಮುಟ್ಟಾಗಿ ಬೆಳೆದ ಬೇರೊಂದು ಮಗು ಹಾಕಿ ಬಿಟ್ಟ ಅಂಗಿಯನ್ನು. ಇದನ್ನು ಮೂಢನಂಬಿಕೆಯೆಂದು ನಾನೂ ಒಂದು ಕಾಲದಲ್ಲಿ ನಗುತ್ತಿದ್ದೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ ಎಂಬ ಅಂಕಿಯನ್ನು ಓದಿದ ಮೇಲೆ ನಗು ನಿಂತಿತು. ಎಂಟು ಹೆತ್ತು ನಾಲ್ವರನ್ನು ಉಳಿಸಿಕೊಂಡ ಅಜ್ಜಿಗೆ ಅಂಕಿಯ ಅಗತ್ಯವಿರಲಿಲ್ಲ. ಖಾಲಿ ತೊಟ್ಟಿಲನ್ನು ಮತ್ತೆ ಅಟ್ಟಕ್ಕೇರಿಸುವ ಸಂಕಟ ಅವರಿಗೆ ಗೊತ್ತಿತ್ತು.

ಇನ್ನು ಹೆರಿಗೆಯ ಕೋಣೆ. ಹೆರಿಗೆಯಾದರೆ ಮನೆಗೆ ಪುರುಡು. ಆದ್ದರಿಂದ ದೇವರ ಮನೆಗೂ ಅಡುಗೆಮನೆಗೂ ದೂರವಾದ ಕೋಣೆಯೇ ಆಗಬೇಕು. ನಮ್ಮಲ್ಲಿ ಅದು ಕೊಟ್ಟಿಗೆಗೆ ಅಂಟಿಕೊಂಡಿದ್ದ, ಕಿಟಕಿಯಿಲ್ಲದ ಕತ್ತಲೆ ಕೋಣೆ. ಅಲ್ಲಿ ಬಳಸಿದ್ದೆಲ್ಲವೂ ಮೈಲಿಗೆಯಾಗುವುದರಿಂದ ಒಳ್ಳೆಯ ಚಾಪೆ, ಒಳ್ಳೆಯ ಪಾತ್ರೆ, ಒಳ್ಳೆಯ ಬಟ್ಟೆ ಅತ್ತ ಸುಳಿಯುವಂತಿರಲಿಲ್ಲ. ಬಾಣಂತಿಯ ಆಹಾರಕ್ಕೆ ಮನೆಯಲ್ಲಿದ್ದುದರಲ್ಲಿ ಅತ್ಯುತ್ತಮವಾದದ್ದು, ಆಕೆ ಹೆರುವ ಜಾಗಕ್ಕೆ ಮನೆಯಲ್ಲಿದ್ದುದರಲ್ಲಿ ಅತ್ಯಂತ ಕಳಪೆಯಾದದ್ದು! ಅಂದಿನ ಸಿದ್ಧತೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಮಡಿಗೂ ಕೊರತೆಯಿರಲಿಲ್ಲ, ಇಲ್ಲದಿದ್ದುದು ಶುಚಿ. ಮಡಿ ಬೇರೆ, ಶುಚಿ ಬೇರೆ ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು.

ನೋವು ಕಾಣಿಸಿಕೊಂಡದ್ದು ನಡುರಾತ್ರಿಯ ಹೊತ್ತಿಗೆ. ಹದಿನಾಲ್ಕು ಮೈಲಿ ದೂರದ ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೊಳೆ ದಾಟಬೇಕಿತ್ತು, ಹೊಳೆ ತುಂಬಿ ಹರಿಯುತ್ತಿತ್ತು. ಕಂಬಳಿಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದ ಆಳಿನೊಡನೆ ಸೂಲಗಿತ್ತಿಯನ್ನು ಕರೆತರಲು ಹೋದವನು ನಾನು. ನಮ್ಮ ಸುತ್ತಿನ ಮೂರು ಹಳ್ಳಿಗಳ ಮಕ್ಕಳನ್ನೆಲ್ಲ ಭೂಮಿಗೆ ಇಳಿಸಿದ ಮುದುಕಿ ಅವರು. ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ತಲೆ ಎಲ್ಲಿದೆಯೆಂದು ಹೇಳಬಲ್ಲವರು. ಆದರೆ ನಮ್ಮ ಮನೆಗಳ ಪ್ರತಿಯೊಂದು ಮಗುವನ್ನೂ ಮೊದಲು ಮುಟ್ಟಿದ ಆ ಕೈಗೆ ನಮ್ಮ ಅಡುಗೆಮನೆಯ ಹೊಸ್ತಿಲ ಆಚೆ ಪ್ರವೇಶವಿರಲಿಲ್ಲ. ಒಂದು ಸೀರೆ, ನಾಲ್ಕು ಸೇರು ಅಕ್ಕಿ, ಎಲೆ ಅಡಿಕೆ, ತೆಂಗಿನಕಾಯಿ – ಇಷ್ಟು ಅವರ ಸಂಭಾವನೆ.

ಬೆಳಗಿನ ಜಾವ ಮಗುವಿನ ಅಳು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲೇ ಅಜ್ಜಿ ಬಾಗಿಲನ್ನು ಓರೆ ಮಾಡಿ, "ಕೊಟ್ಟಿಗೆ ಮಾಡಿಗೆ ಸಿಕ್ಕಿಸಿದ ಕುಡುಗೋಲು ತಾರೋ, ಬೇಗ" ಎಂದರು. ನಾನು ಓಡಿಹೋಗಿ ತಂದೆ. ಅದು ದಿನವೂ ಹುಲ್ಲು ಕೊಯ್ಯುತ್ತಿದ್ದ ಕುಡುಗೋಲು. ಅದನ್ನು ಬಿಸಿನೀರಿನಲ್ಲಿ ಅದ್ದಿದರೋ, ಸೆರಗಿಗೆ ಒರೆಸಿದರೋ ನಾನು ಕಾಣೆ. ಗಂಡು ಹುಡುಗನಾದ ನನಗೆ ಒಳಗೆ ಪ್ರವೇಶವಿರಲಿಲ್ಲ. ಹೊಕ್ಕುಳಿಗೆ ಬೂದಿ ಹಚ್ಚಿದರೆಂದು ಆಮೇಲೆ ಕೇಳಿದೆ. ಗಂಡು ಮಗು. ಐದು ದಿನ ಮನೆಯಲ್ಲಿ ಹಬ್ಬವಿತ್ತು. ಆರನೆಯ ದಿನ ಮಗು ಮೊಲೆ ಹಿಡಿಯಲಿಲ್ಲ. ದವಡೆ ಬಿಗಿಯಿತು, ಮುಟ್ಟಿದರೆ ಸಾಕು ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಬಾಲಗ್ರಹವೆಂದರು, ಅಂತ್ರ ಕಟ್ಟಿಸಿದರು. ಎಂಟನೆಯ ದಿನ ಎಲ್ಲವೂ ಮುಗಿಯಿತು. ತೊಟ್ಟಿಲು ಅಟ್ಟದಿಂದ ಇಳಿಯಲೇ ಇಲ್ಲ.

ಬಿ.ಎಡ್. ಓದುತ್ತಿದ್ದಾಗ ಆರೋಗ್ಯ ಶಿಕ್ಷಣದ ಪುಸ್ತಕವೊಂದರಲ್ಲಿ ಧನುರ್ವಾಯುವಿನ ಲಕ್ಷಣಗಳನ್ನು ಓದಿದೆ. ಸಗಣಿ ಬೆರೆತ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವ ಈ ರೋಗಾಣು ಹೊಕ್ಕುಳ ಗಾಯದ ಮೂಲಕ ಒಳಹೊಗುತ್ತದೆ, ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಶಿಶು ಅನಂತರ ಚೀಪುವುದನ್ನು ನಿಲ್ಲಿಸುತ್ತದೆ ಎಂದು ಅಲ್ಲಿ ಬರೆದಿತ್ತು. ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಆ ಕುಡುಗೋಲನ್ನು ತಂದುಕೊಟ್ಟವನು ನಾನೇ.

ಈ ವಿದ್ಯೆ ಜಗತ್ತಿಗೆ ತಿಳಿಯದ್ದೇನೂ ಆಗಿರಲಿಲ್ಲ. ಕೈ ತೊಳೆದರೆ ಬಾಣಂತಿಯರ ಸಾವು ತಗ್ಗುತ್ತದೆಂದು ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ತೋರಿಸಿಕೊಟ್ಟದ್ದು 1847ರಲ್ಲಿ. ಜಪಾನಿನ ಕಿಟಾಸಾಟೊ ಧನುರ್ವಾಯುವಿನ ರೋಗಾಣುವನ್ನು ಪ್ರತ್ಯೇಕಿಸಿದ್ದು 1889ರಲ್ಲಿ. ಅಷ್ಟೇಕೆ, ನಮ್ಮದೇ ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಒಂಬತ್ತನೆಯ ತಿಂಗಳಿಗೆ ಮುನ್ನವೇ ಸೂತಿಕಾಗೃಹವನ್ನು ಪ್ರತ್ಯೇಕವಾಗಿ ಕಟ್ಟಬೇಕೆಂದಿದೆ. ಅಲ್ಲಿ ಇರಬೇಕಾದ ತುಪ್ಪ, ಎಣ್ಣೆ, ಜೇನುತುಪ್ಪ ಮೊದಲಾದವುಗಳ ದೀರ್ಘ ಪಟ್ಟಿಯಿದೆ, ಹಲವು ಬಾರಿ ಹೆತ್ತ ಅನುಭವಿ ಸ್ತ್ರೀಯರು ಜೊತೆಗಿರಬೇಕೆಂಬ ಸೂಚನೆಯಿದೆ. ಹೊಕ್ಕುಳಬಳ್ಳಿಯನ್ನು ಚಿನ್ನ, ಬೆಳ್ಳಿ ಅಥವಾ ಉಕ್ಕಿನ ಹರಿತವಾದ ಸಲಕರಣೆಯಿಂದ ಕತ್ತರಿಸಬೇಕೆಂದೂ ಹೇಳಿದೆ. ಅಂದರೆ ಎರಡು ಸಾವಿರ ವರ್ಷಗಳಷ್ಟು ಹಳೆಯ ಗ್ರಂಥಪರಂಪರೆ ಮರೆಯದೆ ಹೇಳಿದ ವಸ್ತುವನ್ನು ನಮ್ಮ ಮನೆ ಕೊನೆಯ ಗಳಿಗೆಯಲ್ಲಿ ಕೊಟ್ಟಿಗೆಯಿಂದ ತರಿಸಿತು. ಗ್ರಂಥ ಓದುವವರಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ, ಆ ಕೋಣೆಯಲ್ಲಿದ್ದವರಿಗೆ ಅಕ್ಷರವನ್ನು ಯಾರೂ ಕಲಿಸಿರಲಿಲ್ಲ.

ಹಾಗೆಂದು ಸೂಲಗಿತ್ತಿಯರನ್ನು ದೂಷಿಸುವುದು ಕೃತಘ್ನತೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಯಾವ ಪ್ರತಿಫಲವನ್ನೂ ಬಯಸದೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಂತಹ ಕೈಗಳಿಗೆ ಒಂದು ಹೊಸ ಬ್ಲೇಡು, ಕುದಿಸಿದ ದಾರ, ಒಂದು ತುಂಡು ಸಾಬೂನು ಎಲ್ಲೆಡೆ ಸಕಾಲದಲ್ಲಿ ಸಿಕ್ಕಿದ್ದರೆ ಎಷ್ಟು ತೊಟ್ಟಿಲುಗಳು ತೂಗುತ್ತಿದ್ದವೋ! ಶುದ್ಧ ಕೈ, ಶುದ್ಧ ಜಾಗ, ಶುದ್ಧ ಬ್ಲೇಡು, ಶುದ್ಧ ದಾರ, ಏನನ್ನೂ ಹಚ್ಚದ ಶುದ್ಧ ಹೊಕ್ಕುಳು – ದಾಯಿಯರಿಗೆ ಮುಂದೆ ಕಲಿಸಿದ್ದು ಇಷ್ಟೇ. 1988ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7,87,000 ನವಜಾತ ಶಿಶುಗಳು ಧನುರ್ವಾಯುವಿನಿಂದ ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು.

ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆದದ್ದು 1935ರಲ್ಲಿ. ಆದರೆ ನಮ್ಮ ಹೊಳೆಯ ಈಚೆಗೆ ಆ ಬೆಳಕು ಬರಲು ಅರ್ಧ ಶತಮಾನ ಬೇಕಾಯಿತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾಗಿ, ಗರ್ಭಿಣಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಳ್ಳಿ ಹಳ್ಳಿಗೆ ತಲುಪತೊಡಗಿತು. ನಮ್ಮ ರಾಜ್ಯದಲ್ಲಿ 2007ರಲ್ಲಿ ಬಂದ ಮಡಿಲು ಯೋಜನೆಯಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಹೊದಿಕೆ, ಸಾಬೂನು, ಮಗುವಿನ ಬಟ್ಟೆಗಳಿರುವ ಚೀಲವನ್ನು ಕೊಟ್ಟರು. 2008ರಲ್ಲಿ 108 ಆಂಬುಲೆನ್ಸ್ ಬಂತು. 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡ 65ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತಿದ್ದರೆ, 2019–20ರ ಸಮೀಕ್ಷೆಯ ವೇಳೆಗೆ ಅದು ಶೇಕಡ 97ಕ್ಕೆ ಏರಿತ್ತು. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತವು ನಿವಾರಿಸಿದೆಯೆಂದು 2015ರಲ್ಲಿ ದೃಢಪಟ್ಟಿತು. ಆ ಸುದ್ದಿಯನ್ನು ದಿನಪತ್ರಿಕೆಯಲ್ಲಿ ಓದಿದ ದಿನ ದೊಡ್ಡಕ್ಕನಿಗೆ ಫೋನು ಮಾಡಿ, ನಲವತ್ತೈದು ವರ್ಷ ಬಾಯಿಬಿಡದಿದ್ದ ಕುಡುಗೋಲಿನ ಮಾತನ್ನು ಮೊದಲ ಬಾರಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಗೊತ್ತಿತ್ತು ಕಣೋ. ಎರಡನೆಯದರ ಹೊತ್ತಿಗೇ ನರ್ಸಮ್ಮ ಬಿಡಿಸಿ ಹೇಳಿದ್ದರು. ನಿನಗೆ ಯಾಕೆ ಹೇಳೋದು ಅಂತ ಬಿಟ್ಟಿದ್ದೆ" ಎಂದಳು.

ಆಸ್ಪತ್ರೆ ಸೇರಿದ ಮಾತ್ರಕ್ಕೆ ಎಲ್ಲ ಭಯವೂ ತೀರಿತೆಂದು ನಾನು ಹೇಳಲಾರೆ. ನಮ್ಮ ಮೆಚ್ಚಿನ ಕಾದಂಬರಿಕಾರ್ತಿ ತ್ರಿವೇಣಿಯವರು 1963ರ ಜುಲೈನಲ್ಲಿ, ಹೆಣ್ಣು ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರಿಗಿನ್ನೂ ಮೂವತ್ತನಾಲ್ಕು ವರ್ಷ. ಬಾಣಂತಿಯ ಮನಸ್ಸು ಕೆಡಬಹುದು, ಅದೂ ಒಂದು ಕಾಯಿಲೆಯೇ, ಅವಮಾನವಲ್ಲ ಎಂಬುದನ್ನು 'ಶರಪಂಜರ'ದ ಕಾವೇರಿಯ ಮೂಲಕ ಕನ್ನಡಿಗರಿಗೆ ತಿಳಿಸಿದವರೂ ಅವರೇ. ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ಅದರ ಪ್ರಸ್ತಾಪವಿಲ್ಲ. ಹೆರಿಗೆಯ ನಂತರ ಯಾವ ಹೊತ್ತಿನಲ್ಲಿ ಅಳು ಬಂದರೂ ನಮ್ಮನ್ನು ಎಬ್ಬಿಸಬೇಕೆಂದು ಮಗಳಿಗೆ ನಾನೇ ಬಾಯಲ್ಲಿ ಹೇಳಿದ್ದೇನೆ. "ಸರಿ ಅಪ್ಪ, ಬರೆದುಬಿಡಿ" ಎಂದು ನಕ್ಕಳು. ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದೆ.

ಬಟ್ಟೆಯ ಜಗಳ ಹೇಗೆ ಮುಗಿಯಿತೆಂದು ಕೇಳುತ್ತೀರಿ. ಮೊನ್ನೆ ದೊಡ್ಡಕ್ಕ ಬಂದಿದ್ದಾಳೆ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಬಸ್ಸು ಹತ್ತಿ ಒಬ್ಬಳೇ. ಚೀಲದಲ್ಲಿ ಅವಳ ಎರಡು ಹಳೆಯ ನೂಲಿನ ಸೀರೆಗಳು. ಸಾಬೂನು ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಹರಿದು, ಇಸ್ತ್ರಿ ಮಾಡಿ ಮಡಿಸಿದ್ದು. ಮೊಮ್ಮಗ ಹಾಕಿ ಬಿಟ್ಟ ಒಂದು ಅಂಗಿಯನ್ನೂ ತಂದಿದ್ದಾಳೆ. ನನ್ನ ಪತ್ನಿಗೆ ಸಮಾಧಾನವಾಯಿತು. ಬಂದ ದಿನ ಸಂಜೆಯೇ ಆಕೆ ಕನ್ನಡಕ ಏರಿಸಿಕೊಂಡು ಮಗಳ ತಾಯಿ ಕಾರ್ಡನ್ನು ಕೇಳಿ ಪಡೆದು, ಚುಚ್ಚುಮದ್ದಿನ ಅಂಕಣದ ಮೇಲೆ ಬೆರಳಿಟ್ಟು ಎರಡು ತಾರೀಖುಗಳನ್ನೂ ಓದಿದಳು. ಆಮೇಲೆ ಕಾರ್ಡನ್ನು ಮಡಿಸಿ ಮಗಳ ಕೈಗೆ ಕೊಟ್ಟು, ಬಚ್ಚಲಲ್ಲಿ ಗೀಸರ್ ಸರಿಯಿದೆಯೇ ನೋಡಲು ಎದ್ದುಹೋದಳು.