ಕಡಲ ತಳಕ್ಕೆ ಕಿವಿಗೊಟ್ಟ ಕಥೆ

1826ನೆಯ ಇಸವಿಯಲ್ಲಿ ಎರಡು ಕೆಲಸಗಳು ನಡೆದುವು. ಒಂದಕ್ಕೂ ಇನ್ನೊಂದಕ್ಕೂ ನಂಟು ಬಂದೀತೆಂದು ಆಗ ಯಾರೂ ನೆನೆಸಿರಲಾರರು. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಪೂರ್ವದಲ್ಲಿ ಫೈರ್ ಐಲೆಂಡ್ ಎಂಬ ಮರಳಿನ ದ್ವೀಪವೊಂದಿದೆ. ಅದರ ಪಶ್ಚಿಮದ ತುದಿಯಲ್ಲಿ, ಅಳಿವೆಯ ಬಾಯಿಯ ಬಳಿ, ಹಡಗುಗಳಿಗೆ ದಾರಿ ತೋರಲೆಂದು ಒಂದು ದೀಪಸ್ತಂಭವನ್ನು ಕಟ್ಟಿದರು. ಇದು ಒಂದು ಕೆಲಸ. ಅತ್ತ ಯೂರೋಪಿನ ಜಿನೀವಾ ಸರೋವರದಲ್ಲಿ ಕೊಲಾಡನ್ ಎಂಬ ಇಪ್ಪತ್ತಮೂರರ ತರುಣನು ರಾತ್ರಿಯ ಹೊತ್ತು ದೋಣಿಯಲ್ಲಿ ಕುಳಿತು, ನೀರಿನೊಳಗೆ ಬಾರಿಸಿದ ಗಂಟೆಯ ದನಿ ತನ್ನ ಕಿವಿಗೆ ಎಷ್ಟು ಹೊತ್ತಿಗೆ ಮುಟ್ಟುವುದೆಂದು ಎಣಿಸುತ್ತಿದ್ದನು. ಇದು ಇನ್ನೊಂದು.

ಮೊದಲನೆಯ ದೀಪಸ್ತಂಭವು ಗಿಡ್ಡದಾಯಿತೆಂದು 1858ರಲ್ಲಿ ಅದರ ಸಮೀಪದಲ್ಲಿಯೇ 168 ಅಡಿ ಎತ್ತರದ ಹೊಸದನ್ನು ನಿಲ್ಲಿಸಿದರು. ಅದು ಇಂದಿಗೂ ನಿಂತಿದೆ. ಆದರೆ ಇಂದು ಅದನ್ನು ನೋಡಹೋದವರಿಗೆ ಒಂದು ಸೋಜಿಗ ಕಾಣುತ್ತದೆ. ಸ್ತಂಭವು ದ್ವೀಪದ ತುದಿಯಲ್ಲಿಲ್ಲ. ತುದಿ ಅಲ್ಲಿಂದ ಸುಮಾರು ಐದು ಮೈಲಿ ಪಶ್ಚಿಮಕ್ಕೆ ಹೋಗಿಬಿಟ್ಟಿದೆ! ಇಟ್ಟಿಗೆಯ ಸ್ತಂಭ ನಡೆದುಹೋಗಲಿಲ್ಲ, ದ್ವೀಪವೇ ಬೆಳೆಯಿತು. 1940ರ ಸುಮಾರಿಗೆ ಅಳಿವೆಯ ಬದಿಯಲ್ಲಿ ಕಲ್ಲಿನ ಕಟ್ಟೆ ಹಾಕಿ ತಡೆಯುವವರೆಗೂ ಬೆಳೆಯುತ್ತಲೇ ಇದ್ದಿತು. ಐದು ಮೈಲಿ ಉದ್ದದ ನೆಲಕ್ಕೆ ಬೇಕಾದ ಮರಳು ಎಲ್ಲಿಂದ ಬಂದಿತು? ಓದುಗರೇ, ಇಷ್ಟು ಸರಳವಾದ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯನು ಕಡಲ ತಳವನ್ನು ಕಿವಿಯಿಂದ ನೋಡುವುದನ್ನು ಕಲಿಯಬೇಕಾಯಿತು.

ಮೊದಲು ಈ ದ್ವೀಪದ ರೂಪವನ್ನು ಮನಸ್ಸಿನಲ್ಲಿ ಬರೆದುಕೊಳ್ಳಿರಿ. ಲಾಂಗ್ ಐಲೆಂಡ್ ಎಂಬ ದೊಡ್ಡ ದ್ವೀಪದ ದಕ್ಷಿಣ ದಡಕ್ಕೆ ಸಮಾನಾಂತರವಾಗಿ, ನಡುವೆ ಆಳವಿಲ್ಲದ ಹಿನ್ನೀರನ್ನು ಬಿಟ್ಟು, ಗದ್ದೆಯ ಬದುವಿನಂತೆ ಮಲಗಿರುವ ಮರಳಿನ ಪಟ್ಟಿ. ಉದ್ದ ಮೂವತ್ತು ಮೈಲಿಗೂ ಮಿಕ್ಕಿದೆ. ಅಗಲವಾದರೋ ಅನೇಕ ಕಡೆ ಅರ್ಧ ಕಿಲೋಮೀಟರೂ ಇಲ್ಲ. ಅಟ್ಲಾಂಟಿಕ್ ಸಾಗರದ ಅಲೆಗಳ ಹೊಡೆತವನ್ನು ತಾನು ತಿಂದು ಹಿಂದಿನ ಊರುಗಳನ್ನು ಕಾಯುವುದರಿಂದ ಇಂತಹವನ್ನು ತಡೆದ್ವೀಪಗಳೆನ್ನಬಹುದು. ಬದುವಿನಂತೆಯೇ ಇವು ಒಡೆಯುವುದೂ ಉಂಟು. ಇದೇ ಸಾಲಿನಲ್ಲಿ 1931ರ ಬಿರುಗಾಳಿಯು ಮೋರಿಚಸ್ ಅಳಿವೆಯನ್ನೂ, 1938ರ ಸೆಪ್ಟೆಂಬರಿನ ಚಂಡಮಾರುತವು ಶಿನೆಕಾಕ್ ಅಳಿವೆಯನ್ನೂ ಕೊರೆದುವು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂದಾಗ ಫೈರ್ ಐಲೆಂಡ್ ಮತ್ತೆ ತುಂಡಾಯಿತು. ತುಂಡಾದ ಜಾಗದ ಹೆಸರು ಓಲ್ಡ್ ಇನ್ಲೆಟ್, ಎಂದರೆ ‘ಹಳೆಯ ಅಳಿವೆ’. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಅಳಿವೆಯೊಂದಿದ್ದು ಮುಂದಿನ ಶತಮಾನದಲ್ಲಿ ಮುಚ್ಚಿಹೋಗಿದ್ದಿತು. ಜನ ಮರೆತಿದ್ದರು, ಹೆಸರು ಮರೆತಿರಲಿಲ್ಲ. ಸ್ಥಳನಾಮಗಳನ್ನು ಹಗುರವಾಗಿ ಕಾಣಬಾರದೆಂದು ನಾನು ಹುಡುಗರಿಗೆ ಹೇಳುತ್ತಲೇ ಬಂದಿದ್ದೇನೆ.

ಮರಳು ಎಲ್ಲಿಂದ ಬಂದಿತೆಂಬುದಕ್ಕೆ ಹಳೆಯ ಉತ್ತರವೊಂದಿದ್ದಿತು. ಪೂರ್ವದ ಕೊನೆಯಲ್ಲಿ ಮಾಂಟಾಕ್ ಎಂಬಲ್ಲಿ ಮಣ್ಣಿನ ದಿಬ್ಬಗಳಿವೆ, ಅಲೆಗಳು ಅವನ್ನು ಕೊರೆದು ಮರಳನ್ನು ದಡದ ಉದ್ದಕ್ಕೂ ಪಶ್ಚಿಮಕ್ಕೆ ಒಯ್ಯುತ್ತವೆ, ಎಂದು. ಇದು ಸುಳ್ಳಲ್ಲ. ಆದರೆ ಲೆಕ್ಕ ಕೂಡಿದಾಗ ಖರ್ಚು ಹೆಚ್ಚು, ಜಮೆ ಕಡಿಮೆ. ಪಶ್ಚಿಮದ ತುದಿಗೆ ಸೇರುವ ಮರಳಿಗೆ ಆ ದಿಬ್ಬಗಳ ಸವೆತವೊಂದೇ ಸಾಲದು. ಉಳಿದುದು ದಡದ ಎದುರಿನ ಕಡಲಿನಿಂದಲೇ ಬರುತ್ತಿರಬೇಕು. ಅಲ್ಲಿ ಏನಿದೆಯೆಂದು ನೋಡುವ ಬಗೆ ಹೇಗೆ?

ಕಡಲಿನ ಆಳವನ್ನು ಅಳೆಯುವ ಹಳೆಯ ಸಾಧನವು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು. ಈಜಿಪ್ಟಿನ ದಡದಿಂದ ಒಂದು ದಿನದ ಯಾನದಷ್ಟು ದೂರದಲ್ಲಿ ಗುಂಡನ್ನು ಇಳಿಬಿಟ್ಟರೆ ಹನ್ನೊಂದು ಮಾರು ಆಳದಿಂದ ಕೆಸರು ಮೇಲೆ ಬರುವುದೆಂದು ಗ್ರೀಕ್ ಚರಿತ್ರಕಾರ ಹಿರೊಡೊಟಸನು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಮುಂದಿನ ನಾವಿಕರು ಗುಂಡಿನ ತಳದ ಕುಳಿಯಲ್ಲಿ ಕೊಬ್ಬನ್ನು ಮೆತ್ತಿ ಇಳಿಸುತ್ತಿದ್ದರು. ಕೊಬ್ಬಿಗೆ ಅಂಟಿದುದು ಮರಳೋ, ಕೆಸರೋ, ಚಿಪ್ಪಿನ ಚೂರೋ ಎಂದು ನೋಡಿ ತಳದ ಗುಣವನ್ನು ತಿಳಿಯುತ್ತಿದ್ದರು. ಜಾಣತನದ ಉಪಾಯವೇ ಸರಿ. ಆದರೆ ಗುಂಡು ಮುಟ್ಟಿದ ಒಂದು ಚುಕ್ಕೆಯ ಸಂಗತಿ ಮಾತ್ರ ತಿಳಿಯುವುದು; ಪಕ್ಕದಲ್ಲಿ ಏನಿದೆ, ಕೆಳಗೆ ಏನಿದೆ ಎಂಬುದು ಕತ್ತಲೆ.

ಇಲ್ಲಿ ಕೊಲಾಡನ್ನನ ಗಂಟೆ ನೆನಪಿಗೆ ಬರಬೇಕು. ಒಂದು ದಡದ ಬಳಿ ದೋಣಿಯಿಂದ ಗಂಟೆಯನ್ನು ನೀರಿನೊಳಗೆ ಇಳಿಬಿಟ್ಟಿದ್ದರು. ಸುತ್ತಿಗೆ ಗಂಟೆಯನ್ನು ಹೊಡೆದ ಕ್ಷಣದಲ್ಲಿಯೇ ಮೇಲೆ ಮದ್ದು ಹತ್ತಿಕೊಂಡು ಬೆಳಕಾಗುವಂತೆ ಹೂಡಿದ್ದರು. ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕೊಲಾಡನ್ನನು ನೀರಿನಲ್ಲಿ ಮುಳುಗಿಸಿದ ಉದ್ದನೆಯ ಕಹಳೆಯಂತಹ ಕೊಳವೆಗೆ ಕಿವಿಯಿಟ್ಟು ಕುಳಿತಿದ್ದನು. ಬೆಳಕು ಕಂಡ ಮೇಲೆ ದನಿ ಬರಲು ಒಂಬತ್ತು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯಿತು. ಎಂದರೆ ಸೆಕೆಂಡಿಗೆ ಸುಮಾರು 1435 ಮೀಟರು. ಗಾಳಿಯಲ್ಲಿ ದನಿಯ ವೇಗಕ್ಕಿಂತ ಇದು ನಾಲ್ಕು ಪಟ್ಟಿಗೂ ಮಿಗಿಲು. ದನಿಯ ವೇಗ ಗೊತ್ತಾಯಿತೆಂದರೆ ಅದು ತಳಕ್ಕೆ ತಾಗಿ ಮರಳುವ ಹೊತ್ತಿನಿಂದ ಆಳವನ್ನು ಲೆಕ್ಕಹಾಕಬಹುದಷ್ಟೆ. ಅದು ಕೈಗೂಡಲು ಮಾತ್ರ ಎಂಬತ್ತು ವರ್ಷಗಳ ಮೇಲಾಯಿತು.

ಅದಕ್ಕೊಂದು ದುರಂತವೇ ಬೇಕಾಯಿತೆನ್ನಿ. 1912ರಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲ ಗುಡ್ಡಕ್ಕೆ ಬಡಿದು ಮುಳುಗಿದ ಮೇಲೆ, ಕತ್ತಲಲ್ಲಿ ಅಂತಹ ಗುಡ್ಡವನ್ನು ದೂರದಿಂದಲೇ ಅರಿಯುವ ಯಂತ್ರಕ್ಕಾಗಿ ಹಲವರು ತಲೆ ಕೆಡಿಸಿಕೊಂಡರು. 1914ರ ಏಪ್ರಿಲ್ 27ರಂದು ಫೆಸ್ಸೆಂಡೆನ್ ಎಂಬ ಎಂಜಿನಿಯರನು ‘ಮಯಾಮಿ’ ಎಂಬ ಹಡಗಿನಿಂದ ನೀರಿನೊಳಗೆ ದನಿ ಹೊರಡಿಸಿ, ಎರಡು ಮೈಲಿ ದೂರದ ಗುಡ್ಡದ ಮಾರ್ದನಿಯನ್ನು ಕೇಳಿದನು. ಗುಡ್ಡದಿಂದ ಬಂದ ಮಾರ್ದನಿಯ ಜೊತೆಗೆ ಕಡಲ ತಳದಿಂದಲೂ ಇನ್ನೊಂದು ಬಂದಿತು! ಅಷ್ಟರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಜಲಾಂತರ್ಗಾಮಿಗಳನ್ನು ಪತ್ತೆಮಾಡಲೆಂದು ಫ್ರಾನ್ಸಿನ ಲಾಂಜ್ವಾಂ ಮೊದಲಾದವರು ಈ ವಿದ್ಯೆಯನ್ನು ಮುಂದಕ್ಕೊಯ್ದರು. 1925ರಿಂದ 1927ರವರೆಗೆ ಜರ್ಮನಿಯ ‘ಮೆಟಿಯೋರ್’ ಹಡಗು ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ 67,000ದಷ್ಟು ಆಳಗಳನ್ನು ಮಾರ್ದನಿಯಿಂದಲೇ ಅಳೆಯಿತು. ಹಗ್ಗದ ಕಾಲ ಅಲ್ಲಿಗೆ ಮುಗಿಯಿತು.

ಇಷ್ಟಾದರೂ ತಿಳಿದುದು ಆಳ ಮಾತ್ರ. ನಮ್ಮ ಪ್ರಶ್ನೆಗೆ ಬೇಕಾದುದು ತಳದ ಕೆಳಗಿನ ಸಂಗತಿ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯನ್ನು ನೋಡಿದ್ದೀರಷ್ಟೆ? ಬೆರಳ ಗೆಣ್ಣಿನಿಂದ ಬಡಿದು, ದನಿ ಕೇಳಿಯೇ ಒಳಗಿನ ಬಿರುಕನ್ನು ಹೇಳುತ್ತಾಳೆ. ಕಡಲ ತಳವನ್ನು ಹಾಗೆ ಬಡಿಯಲು ತಕ್ಕ ಗೆಣ್ಣು ಬೇಕಾಗಿದ್ದಿತು. ಅದನ್ನು ಕೊಟ್ಟವರಲ್ಲಿ ಮುಖ್ಯರು ಅಮೆರಿಕದ ಹೆರಾಲ್ಡ್ ಎಡ್ಜರ್ಟನ್. ಇವರು ಮೂಲತಃ ಮಿಂಚಿನ ದೀಪದಿಂದ ಕ್ಷಣದ ಸಾವಿರದೊಂದು ಪಾಲನ್ನೂ ಚಿತ್ರದಲ್ಲಿ ಹಿಡಿಯುತ್ತಿದ್ದ ಪ್ರಾಧ್ಯಾಪಕರು. 1953ರಿಂದ ಫ್ರಾನ್ಸಿನ ಕೂಸ್ತೋ ಅವರೊಡನೆ ಕಡಲಾಳದ ಚಿತ್ರ ತೆಗೆಯಲು ಹೊರಟಾಗ, ಕ್ಯಾಮರಾ ತಳದಿಂದ ಎಷ್ಟು ಮೇಲಿದೆಯೆಂದು ತಿಳಿಯಲು ಒಂದು ದನಿಯಂತ್ರವನ್ನು ಅದಕ್ಕೆ ಜೋಡಿಸಿದರು. ಆ ದನಿ ಕೆಸರನ್ನು ಹೊಕ್ಕು ಒಳಗಿನ ಪದರಗಳಿಂದಲೂ ಮರಳುತ್ತಿದ್ದಿತು. ಬೆಳಕನ್ನು ನಂಬಿ ಹೋದವರಿಗೆ ದನಿ ಹೆಚ್ಚು ತೋರಿಸಿತು. ಮುಂದೆ ಅವರು ‘ಬೂಮರ್’ ಎಂಬ ಯಂತ್ರವನ್ನು ರಚಿಸಿದರು. ವಿದ್ಯುತ್ತಿನ ಹೊಡೆತದಿಂದ ಲೋಹದ ತಟ್ಟೆಯೊಂದು ಥಟ್ಟನೆ ನೀರನ್ನು ನೂಕುತ್ತದೆ. ಆ ಗುದ್ದು ತಳವನ್ನು ಹೊಕ್ಕು ಬರುತ್ತದೆ. ತಳದ ಮೇಲ್ಮೈಯನ್ನು ಬದಿಗಳಿಗೆ ದನಿ ಬೀರಿ ಚಿತ್ರಿಸುವ ಇನ್ನೊಂದು ಯಂತ್ರವನ್ನೂ ಬೆಳೆಸಿದರು. 1862ರಲ್ಲಿ ಮುಳುಗಿದ ‘ಮಾನಿಟರ್’ ಎಂಬ ಕಬ್ಬಿಣದ ಯುದ್ಧನೌಕೆ 1973ರಲ್ಲಿ ಪತ್ತೆಯಾದುದು ಅಂತಹ ಯಂತ್ರದಿಂದಲೇ. ಅದೂ ಮತ್ತೊಂದು ತಡೆದ್ವೀಪಗಳ ಸಾಲಿನ ಎದುರು, ಹ್ಯಾಟರಸ್ ಭೂಶಿರದ ಕಡಲಿನಲ್ಲಿ.

ಈ ಕೆಲಸ ನಡೆಯುವ ಬಗೆ ಹೀಗೆ. ಹಡಗು ಹೊಲ ಉಳುವ ನೇಗಿಲಿನಂತೆ ಸಾಲು ಹಿಡಿದು ಹೋಗಿಬರುತ್ತದೆ. ಯಂತ್ರ ಕ್ಷಣಕ್ಷಣಕ್ಕೂ ದನಿ ಮಾಡುತ್ತದೆ. ಹದಿನೈದು ಮೀಟರು ಆಳದಲ್ಲಿ ಮಾರ್ದನಿ ಬರಲು ಸೆಕೆಂಡಿನ ಐವತ್ತರಲ್ಲೊಂದು ಪಾಲು ಸಾಕು. ದನಿಯ ಒಂದಂಶ ತಳದಿಂದ ಮರಳುತ್ತದೆ. ಉಳಿದುದು ಒಳಹೊಕ್ಕು, ಮರಳು ಮುಗಿದು ಜೇಡಿ ಮೊದಲಾಗುವಲ್ಲಿ ಮತ್ತೆ ಸ್ವಲ್ಪ, ಇನ್ನೂ ಕೆಳಗೆ ಇನ್ನೂ ಸ್ವಲ್ಪ, ಹೀಗೆ ಮರಳಿ ಬರುತ್ತದೆ. ಕೀಚಲು ದನಿ ಸೂಕ್ಷ್ಮವನ್ನು ತೋರುತ್ತದೆ, ಆಳಕ್ಕೆ ಇಳಿಯದು. ಗಡಸು ದನಿ ಆಳಕ್ಕೆ ಇಳಿಯುತ್ತದೆ, ಸೂಕ್ಷ್ಮವನ್ನು ತೋರದು. ಆದ್ದರಿಂದ 1980ರ ದಶಕದಿಂದೀಚೆಗೆ ಒಂದೇ ಉಸಿರಿನಲ್ಲಿ ತಗ್ಗಿನಿಂದ ತಾರಕಕ್ಕೆ ಏರುವ ಹಕ್ಕಿಯ ಚಿಲಿಪಿಲಿಯಂತಹ ದನಿಯನ್ನು ಬಳಸುವುದು ರೂಢಿಯಾಯಿತು.

ಆಳವಿಲ್ಲದ ನೀರಿನಲ್ಲಿ ಇದು ಸುಲಭವೆಂದು ತಿಳಿಯಬೇಡಿರಿ. ದನಿ ತಳಕ್ಕೂ ನೀರಿನ ಮೇಲ್ಮೈಗೂ ನಡುವೆ ಚೆಂಡಿನಂತೆ ಪುಟಿದು, ಇಲ್ಲದ ಪದರವೊಂದನ್ನು ಇದ್ದಂತೆ ಬರೆದುಬಿಡುತ್ತದೆ. ಓಲೆಯ ಗ್ರಂಥಗಳಲ್ಲಿ ಪ್ರತಿಕಾರನು ಕಣ್ತಪ್ಪಿ ಅದೇ ಸಾಲನ್ನು ಎರಡು ಸಲ ಬರೆಯುವುದುಂಟು. ಎರಡನೆಯದಕ್ಕೆ ಅರ್ಥ ಕಟ್ಟಲು ಹೋದ ಪಂಡಿತನ ಪಾಡು ಇಲ್ಲಿಯೂ ಆಗುತ್ತದೆ. ಹಿನ್ನೀರಿನ ಕೆಸರಿನಲ್ಲಿ ಕೊಳೆತ ಎಲೆಕಡ್ಡಿಯ ಅನಿಲ ಸೇರಿಕೊಂಡಿದ್ದರೆ ದನಿ ಅಲ್ಲಿಯೇ ಅಡಗಿ, ಕೆಳಗಿನದೆಲ್ಲ ಮಸಿಯಾಗುತ್ತದೆ. ಆದುದರಿಂದ ಉದ್ದನೆಯ ಕೊಳವೆಯನ್ನು ತಳಕ್ಕೆ ಚುಚ್ಚಿ ಮಣ್ಣಿನ ಮಾದರಿ ತೆಗೆದು, ಕೇಳಿದುದನ್ನು ಕಂಡುದರೊಡನೆ ತಾಳೆ ನೋಡುತ್ತಾರೆ.

ಇನ್ನು ಫೈರ್ ಐಲೆಂಡಿಗೆ ಹಿಂದಿರುಗೋಣ. 1960ರ ದಶಕದಲ್ಲಿ ಅಮೆರಿಕದ ಸೇನೆಯ ಎಂಜಿನಿಯರರು ಪೂರ್ವ ತೀರದ ಕಡಲಿನಲ್ಲಿ ದನಿಯಿಂದ ಸರ್ವೆ ಮಾಡಿಸಿದರು. ಸವೆದ ದಡಗಳಿಗೆ ಸುರಿಯಲು ಮರಳು ಎಲ್ಲಿ ಸಿಕ್ಕೀತೆಂದು ನೋಡುವುದೇ ಅವರ ಉದ್ದೇಶ. 1987ರಲ್ಲಿ ವಿಲಿಯಮ್ಸ್ ಮತ್ತು ಮೈಸ್ಬರ್ಗರ್ ಎಂಬಿಬ್ಬರು ಒಂದು ಚೆಂದದ ಸಾಕ್ಷ್ಯವನ್ನು ಮುಂದಿಟ್ಟರು. ಲಾಂಗ್ ಐಲೆಂಡಿನ ದಡದ ಮರಳಿನಲ್ಲಿ ಗ್ಲಾಕೊನೈಟ್ ಎಂಬ ಹಸಿರು ಖನಿಜದ ಕಣಗಳಿವೆ. ಅವು ಎದುರಿನ ಕಡಲ ತಳದ ಹಳೆಯ ಪದರಗಳಿಗೆ ಸೇರಿದವು. ಹಾಗಾದರೆ ಕಡಲ ತಳದ ಮರಳು ದಡಕ್ಕೆ ಬರುತ್ತಿದೆಯೆಂದಾಯಿತು. ಕಳ್ಳನ ಪಾದದ ಕೆಸರಿನಿಂದ ಅವನು ಬಂದ ದಾರಿಯನ್ನು ಹೇಳಿದ ಹಾಗೆ.

ಬಳಿಕ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು 1996 ಮತ್ತು 1997ರಲ್ಲಿ, ಮತ್ತೆ 2011ರಲ್ಲಿ, ಆ ತಳವನ್ನು ವಿವರವಾಗಿ ನಕ್ಷೆಗಿಳಿಸಿದರು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಹಿಮಯುಗದಲ್ಲಿ ಕಡಲು ಇಂದಿಗಿಂತ ನೂರಿಪ್ಪತ್ತು ಮೀಟರಿನಷ್ಟು ಕೆಳಗಿದ್ದಿತು. ಲಾಂಗ್ ಐಲೆಂಡಿನವರೆಗೂ ಬಂದು ನಿಂತಿದ್ದ ನೀರ್ಗಲ್ಲ ಹಾಸಿನಿಂದ ಕರಗಿ ಹರಿದ ಹೊಳೆಗಳು ಮರಳನ್ನು ತಂದು ಅದರ ಮುಂದಿನ ಬಯಲಿಗೆ ಸುರಿದುವು. ಆ ಮರಳಿನ ಒಂದು ದೊಡ್ಡ ಒಟ್ಟಿಲು ದ್ವೀಪದ ನಡುಭಾಗದ ವಾಚ್ ಹಿಲ್ ಎಂಬಲ್ಲಿಗೆ ಎದುರಾಗಿ ಕಡಲಿನಲ್ಲಿ ಮುಳುಗಿದೆ. ಅಲೆಗಳು ಅದನ್ನು ಸವೆಯಿಸುತ್ತಿವೆ. ಅದರ ಪಶ್ಚಿಮಕ್ಕೆ, ದಡಕ್ಕೆ ಓರೆಯಾಗಿ, ಮರಳಿನ ಏರಿಗಳು ಸಾಲುಸಾಲಾಗಿ ಮಲಗಿವೆ. ಪೂರ್ವಕ್ಕೆ ಅಂತಹವಿಲ್ಲ, ಮರಳಿನ ಹೊದಿಕೆ ಅಲ್ಲಿ ತೆಳುವು.

ಈಗ ಮೇಲೆ ಹೇಳಿದ ಅಳಿವೆಗಳನ್ನು ನೆನೆಯಿರಿ. ಓಲ್ಡ್ ಇನ್ಲೆಟ್, ಮೋರಿಚಸ್, ಶಿನೆಕಾಕ್, ಮೂರೂ ವಾಚ್ ಹಿಲ್ಲಿನ ಪೂರ್ವಕ್ಕೇ ಇವೆ. ಏರಿಗಳ ಆಸರೆಯಿರುವ ಪಶ್ಚಿಮ ಭಾಗ ಹಲವು ನೂರು ವರ್ಷಗಳಿಂದ ಹೆಚ್ಚು ಕಡಿಮೆ ಇದ್ದಲ್ಲಿಯೇ ಇದೆ. ದ್ವೀಪ ಎಲ್ಲಿ ಒಡೆಯುವುದು, ಎಲ್ಲಿ ನಿಲ್ಲುವುದು ಎಂಬುದು ನೀರಿನಡಿಯಲ್ಲಿ ಮೊದಲೇ ಬರೆದಿಟ್ಟಂತಿದ್ದಿತು.

2011ರ ನಕ್ಷೆ ಮುಗಿದ ಮರುವರ್ಷವೇ ಸ್ಯಾಂಡಿ ಬಂದಿತು. 2014ರಲ್ಲಿ ಅದೇ ತಳವನ್ನು ಮತ್ತೆ ಅಳೆದರು. ಬಿರುಗಾಳಿಗೆ ಮುಂಚಿನದೂ ನಂತರದ್ದೂ ಎರಡು ಪ್ರತಿಗಳು ಪಕ್ಕಪಕ್ಕದಲ್ಲಿ ಸಿಕ್ಕುವುದು ಈ ಶಾಸ್ತ್ರದಲ್ಲಿ ಅಪರೂಪದ ಭಾಗ್ಯ.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಸ್ಯಾಂಡಿಯ ತರುವಾಯ ದ್ವೀಪದ ಮರಳಗುಡ್ಡೆಗಳನ್ನು ಮತ್ತೆ ಎಬ್ಬಿಸಲು ಕಡಲ ತಳದಿಂದ ಮರಳನ್ನು ತೋಡಿ ದಡಕ್ಕೆ ಹಾಯಿಸಿದರು. ಹಿಂದೆ ಮನೆ ಕಟ್ಟಿಕೊಂಡವರಿಗೆ ಅದು ಬೇಕು, ಅವರನ್ನು ತಪ್ಪೆನ್ನಲಾಗದು. ಆದರೆ ದ್ವೀಪವನ್ನು ತಾನಾಗಿಯೇ ಪೋಷಿಸುತ್ತಿರುವ ಏರಿಗಳನ್ನೇ ತೋಡಿದರೆ, ಬಿತ್ತನೆಯ ಕಾಳನ್ನು ಬೀಸಿ ಉಂಡಂತಾಗುವುದಿಲ್ಲವೆ? ಎಲ್ಲಿ ತೋಡಬಹುದು, ಎಲ್ಲಿ ಕೂಡದು ಎಂಬ ಮಾತಿಗೆ ಈ ನಕ್ಷೆಗಳ ಹೊರತು ಬೇರೆ ಆಧಾರವಿಲ್ಲ. ಏರಿಗಳಿಂದ ದಡಕ್ಕೆ ಬರುವ ಮರಳು ವರ್ಷಕ್ಕೆ ಎಷ್ಟು ಎಂಬ ಲೆಕ್ಕದಲ್ಲಿ ವಿದ್ವಾಂಸರ ಮಾತು ಒಂದಾಗಿಲ್ಲ.

ಒಂದಾಗದಿರಲು ಕಾರಣವೂ ಇದೆ. ಸರ್ವೆಯ ದೊಡ್ಡ ಹಡಗು ಸುಮಾರು ಎಂಟು ಮೀಟರಿಗಿಂತ ಕಡಿಮೆ ಆಳಕ್ಕೆ ಬರಲಾರದು. ಅಲ್ಲಿಂದ ದಡದವರೆಗೆ ಅಲೆಗಳು ಒಡೆಯುವ ಪಟ್ಟಿ. ಏರಿಯ ಮರಳು ದಡ ಸೇರಬೇಕಾದರೆ ಇದನ್ನು ದಾಟಿಯೇ ಬರಬೇಕು. ಗ್ರಂಥದಲ್ಲಿ ಕಥೆಯ ಗಂಟು ಬಿಚ್ಚುವ ಓಲೆಯೊಂದೇ ಕಳೆದುಹೋದಂತೆ! ಒಬ್ಬರೇ ಕುಳಿತು ಓಡಿಸುವ, ಮೋಟಾರು ಸೈಕಲ್ಲಿನಂತಹ ಪುಟ್ಟ ದೋಣಿಗಳಿಗೆ ಆಳ ಅಳೆಯುವ ಯಂತ್ರವನ್ನು ಕಟ್ಟಿ ಆ ಪಟ್ಟಿಯಲ್ಲಿಯೂ ಹಾದುಬಂದಿದ್ದಾರೆ. ಆದರೆ ಅವುಗಳಿಂದ ತಿಳಿಯುವುದು ಆಳವೇ ಹೊರತು ಒಳಗಿನ ಪದರವಲ್ಲ. ಅಲೆ ಒಡೆಯುವಲ್ಲಿ ನೀರೆಲ್ಲ ಗಾಳಿಯ ಗುಳ್ಳೆ. ಗುಳ್ಳೆಗಳ ನಡುವೆ ದನಿ ದೂರ ಸಾಗದು.