ಕಪ್ಪು ಮುತ್ತಿಗೆ ಮೂರರಲ್ಲೊಂದು ಪಾಲು ಕಡಿತ

ನಮ್ಮ ಹಾರೋಹಳ್ಳಿ, ಕನಕಪುರ ಕಡೆಯ ಕರಿಕಲ್ಲು ಕೊಳ್ಳೋಕೆ ಬರೋರು ಅದರಲ್ಲಿ ಬಿಳಿ ಗೆರೆ ಇದೆಯಾ ಅಂತ ನೋಡ್ತಾರೆ. ಇದ್ದರೆ ರೇಟು ಇಳೀತು ಅಂತಲೇ ಲೆಕ್ಕ. ಮುತ್ತಿನ ವ್ಯಾಪಾರದಲ್ಲಿ ಶತಮಾನಗಳ ಕಾಲ ಇದು ಉಲ್ಟಾ ಇತ್ತು. ಅಲ್ಲಿ ಬಿಳುಪೇ ಗುಣ, ಕಪ್ಪೇ ದೋಷ.

ಇದರ ಹಳೆಯ ಸಾಕ್ಷಿ ಬೆಳಕಿಗೆ ಬಂದಿದ್ದು ಮೈಸೂರಲ್ಲಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರ ಎರಡನೇ ಅಧಿಕರಣದಲ್ಲಿ ಖಜಾನೆಗೆ ಬರುವ ಮುತ್ತನ್ನು ಪರೀಕ್ಷಿಸುವ ಕ್ರಮವಿದೆ. ಒಳ್ಳೆಯ ಮುತ್ತು ದಪ್ಪ, ದುಂಡು, ಎಲ್ಲೂ ಚಪ್ಪಟೆ ಇಲ್ಲದ್ದು. ಹೊಳಪು, ಬಿಳುಪು, ತೂಕ, ನುಣುಪು ಇರಬೇಕು. ತೂತು ಸರಿಯಾದ ಜಾಗದಲ್ಲಿರಬೇಕು. ದೋಷಗಳ ಪಟ್ಟಿಯಲ್ಲಿ ಕಂದುಗಪ್ಪು, ನೀಲಿ ಎರಡೂ ಇವೆ.

ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಇದಕ್ಕೆ ರೇಟ್ ಕಾರ್ಡೇ ಬರೆದಿದ್ದಾನೆ. ಒಳ್ಳೆ ಹೊಳಪಿನ 4 ಮಾಷ ತೂಕದ ಒಂದು ಮುತ್ತಿಗೆ 5300 ಕಾರ್ಷಾಪಣ. ಕಪ್ಪಾಗಿದ್ದರೆ ಮೂರರಲ್ಲೊಂದು ಪಾಲು ಕಡಿತ! ಕಡುಕಪ್ಪು ಮುತ್ತಿಗೆ ದೇವತೆ ಯಾರು ಗೊತ್ತಾ? ಯಮ.

ಈ ಹಳೇ ಪಟ್ಟಿಯನ್ನು ರತ್ನ ಪರೀಕ್ಷೆಯ ಅಮೆರಿಕನ್ ಸಂಸ್ಥೆ ಜಿಐಎ ಇವತ್ತು ಬಳಸುವ ಪಟ್ಟಿಯ ಪಕ್ಕ ಇಟ್ಟು ನೋಡಿದೆ, ಕೋಡ್‌ನ ಎರಡು ವರ್ಷನ್ ಹೋಲಿಸೋ ಹಾಗೆ. ಗಾತ್ರ, ಆಕಾರ, ಹೊಳಪು, ಮೇಲ್ಮೈ ನುಣುಪು ಎಲ್ಲಾ ಹಾಗೇ ಇವೆ. ಬದಲಾಗಿರೋದು ಮುಖ್ಯವಾಗಿ ಬಣ್ಣದ ಸಾಲು.

ಬದಲಾಯಿಸಿದ್ದು ಮಾರುಕಟ್ಟೆ. 1970ರ ದಶಕದಲ್ಲಿ ಸಾಲ್ವಡೋರ್ ಅಸ್ಸಾಯೆಲ್ ಎಂಬ ವ್ಯಾಪಾರಿ ಟಹೀಟಿ ಕಡೆಯ ಕಪ್ಪು ಮುತ್ತು ಮಾರೋಕೆ ಹೊರಟಾಗ ಮೊದಲು ಯಾರೂ ಕೊಳ್ಳಲಿಲ್ಲ. ಆತ ಬೆಲೆ ಇಳಿಸಲಿಲ್ಲ. ಕಾದು, ಇನ್ನೂ ಒಳ್ಳೆಯ ಮುತ್ತು ತಂದು, ನ್ಯೂಯಾರ್ಕಿನ ಹ್ಯಾರಿ ವಿನ್ಸ್ಟನ್ ಅಂಗಡಿಯ ಗಾಜಿನ ಹಿಂದೆ ಭಾರೀ ಬೆಲೆಗೆ ಇಡಿಸಿದ. ಜಾಹೀರಾತಲ್ಲಿ ವಜ್ರ, ಮಾಣಿಕ್ಯದ ಜೊತೆ ಕೂರಿಸಿದ. ಯಮನ ಮುತ್ತು ಶ್ರೀಮಂತರ ಕೊರಳಿಗೆ ಏರಿತು.

ಈಗ ಮದುವೆಗೋ ಆನಿವರ್ಸರಿಗೋ ಸಂಬಳದ ದುಡ್ಡಲ್ಲಿ ಕಪ್ಪು ಮುತ್ತು ಕೊಳ್ಳೋರು ಒಂದು ವಿಷಯ ನೆನಪಿಡಬೇಕು. ಪಟ್ಟಿಯಲ್ಲಿ ಬದಲಾದ ಆ ಬಣ್ಣವೇ ನಕಲು ಮಾಡೋಕೆ ಅತಿ ಸುಲಭ. ಬಿಳಿ ಮುತ್ತನ್ನು ಸಿಲ್ವರ್ ನೈಟ್ರೇಟ್‌ನಿಂದ ಕಪ್ಪು ಮಾಡ್ತಾರೆ. ಕಪ್ಪುತುಟಿಯ ಸಿಂಪಿಯ ಅಸಲಿ ಮುತ್ತು ಅಚ್ಚ ಕಪ್ಪಾಗಿರೋದು ಅಪರೂಪ; ಬೂದು, ಹಸಿರು, ನವಿಲುಗರಿ ಛಾಯೆಗಳು ಕಾಣ್ತವೆ. ಇಡೀ ಸರ ಒಂದೇ ಥರ ಮಸಿಗಪ್ಪಾಗಿದ್ದರೆ ಅನುಮಾನಪಡಿ. ತೂತಿನ ಅಂಚಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದೆಯಾ ನೋಡಿ. ದೊಡ್ಡ ಮೊತ್ತವಾದರೆ ಲ್ಯಾಬ್ ರಿಪೋರ್ಟ್ ಕೇಳಿ. ಬಣ್ಣಕ್ಕೆ ಮರುಳಾಗೋ ಮೊದಲು ದುಂಡು, ಹೊಳಪು, ನುಣುಪು ನೋಡಿ. ಆ ಮಟ್ಟಿಗೆ ಕೌಟಿಲ್ಯನ ಪಟ್ಟಿ ಈಗಲೂ ಕೆಲಸ ಮಾಡುತ್ತೆ.